‘ಜನಾಂಗ’ ಮತ್ತು ‘ಜನಾಂಗೀಯ ನಿಂದನೆ’: ಕೊಡಗಿನ ಬಳಕೆಯ ಬಗ್ಗೆ ಒಂದು ಪ್ರಶ್ನೆ

ಮಾನ್ಯರೆ,

ಕೊಡಗಿನಲ್ಲಿ ‘ಜನಾಂಗ’ ಎಂಬ ಪದವು ಬಹುಮಟ್ಟಿಗೆ ಜಾತಿ ಅಥವಾ ಸಮುದಾಯ ಎಂಬ ಅರ್ಥದಲ್ಲಿ ಬಳಕೆಯಲ್ಲಿದೆ. ಕೊಡವ ಜನಾಂಗ, ಗೌಡ ಜನಾಂಗ, ಹೆಗ್ಗಡೆ ಜನಾಂಗ ಎಂದು ಆಮಂತ್ರಣ ಪತ್ರಿಕೆಗಳಲ್ಲಿಯೂ ಮನವಿಪತ್ರಗಳಲ್ಲಿಯೂ ಬರೆಯುತ್ತೇವೆ. ಅದರಲ್ಲಿ ಗೌರವವಿದೆಯೇ ಹೊರತು ಕೇಡಿಲ್ಲ. ಆದರೆ ಇದೇ ಪದದಿಂದ ಹುಟ್ಟಿದ ‘ಜನಾಂಗೀಯ ನಿಂದನೆ’ಯನ್ನು ಪತ್ರಿಕೆಗಳು ಬೇರೊಂದು ಅರ್ಥದಲ್ಲಿ, ಅಂದರೆ ಮೈಬಣ್ಣ, ಮುಖಲಕ್ಷಣ, ಕುಲಮೂಲಗಳನ್ನು ಹಿಡಿದು ಹೀಯಾಳಿಸುವುದು ಎಂಬ ಅರ್ಥದಲ್ಲಿ, ಬಳಸುತ್ತವೆ. 2021ರ ಜನವರಿಯಲ್ಲಿ ಸಿಡ್ನಿ ಮೈದಾನದಲ್ಲಿ ಮೊಹಮ್ಮದ್ ಸಿರಾಜ್ ಅವರನ್ನು ಪ್ರೇಕ್ಷಕರು ಹೀಯಾಳಿಸಿದಾಗ ನಾವೆಲ್ಲ ಈ ಮಾತನ್ನು ಓದಿ ಅರ್ಥಮಾಡಿಕೊಂಡೆವು, ಸಿಟ್ಟಾದೆವು. ಅದೇ ಮಾತು ನಮ್ಮ ಸಂತೆಯೊಳಗೆ ಏಕೆ ಅರ್ಥವಾಗುವುದಿಲ್ಲ ಎಂಬುದು ನನ್ನ ಪ್ರಶ್ನೆ.

ಸಿದ್ದಾಪುರದ ಸಂತೆಯ ದಿನ ಒಂದು ದಿನಸಿ ಅಂಗಡಿಯಲ್ಲಿ, ಕಾಫಿ ಕೊಯ್ಲಿಗೆಂದು ಅಸ್ಸಾಮಿನಿಂದ ಬಂದ ಹುಡುಗನೊಬ್ಬ ಎಲ್ಲರಂತೆ ಸಾಲಿನಲ್ಲಿ ನಿಂತಿದ್ದ. ಅವನ ಸರದಿ ಬಂದಾಗ ಅಂಗಡಿಯವರು, “ಏ ಬಾಂಗ್ಲಾ, ಹಿಂದೆ ನಿಲ್ಲು” ಎಂದರು. ಆ ಹುಡುಗ ಮರುಮಾತಾಡದೆ ಜೇಬಿನಿಂದ ಆಧಾರ್ ಕಾರ್ಡ್ ತೆಗೆದು ತೋರಿಸಿದ. ಅಕ್ಕಿ ಕೊಳ್ಳಲು ಬಂದವನು ತಾನು ಈ ದೇಶದವನೆಂದು ಮೊದಲು ರುಜುವಾತು ಮಾಡಬೇಕಾಗಿ ಬಂದದ್ದನ್ನು ನೋಡಿ ನನಗೆ ಬಹಳ ನೋವಾಯಿತು. ಇದು ಜನಾಂಗೀಯ ನಿಂದನೆ ಎಂದು ಅಂಗಡಿಯವರಿಗೆ ಹೇಳಿದೆ. ಅವರು ನಿಜವಾದ ಅಚ್ಚರಿಯಿಂದಲೇ, “ನಾನು ಅವನ ಜಾತಿ ಎತ್ತಿ ಮಾತಾಡಿಲ್ಲವಲ್ಲ! ಅವನು ಯಾವ ಜನಾಂಗ ಅಂತಲೂ ನನಗೆ ಗೊತ್ತಿಲ್ಲ” ಎಂದರು. ಪದದ ಮಟ್ಟಿಗೆ ಅವರ ಉತ್ತರದಲ್ಲಿ ತಪ್ಪು ಹುಡುಕುವುದು ಕಷ್ಟ.

‘ಜಾತಿ ನಿಂದನೆ’ಯ ವಿಷಯ ಹೀಗಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆ ಬಂದ ಮೇಲೆ ಆ ಮಾತು ಪೊಲೀಸ್ ಠಾಣೆಯಿಂದ ತೋಟದ ಕಾರ್ಮಿಕರ ಲೈನ್‌ಮನೆಯವರೆಗೂ ತಲುಪಿದೆ. ಆಡಿದವನಿಗೂ ಕೇಳಿಸಿಕೊಂಡವನಿಗೂ ಅದರ ತೂಕ ಗೊತ್ತು. ಮುಖ ನೋಡಿ, ಕಣ್ಣು ಮೂಗು ನೋಡಿ ಹೀಯಾಳಿಸುವುದಕ್ಕೆ ಅಷ್ಟು ಸ್ಪಷ್ಟವಾದ ಹೆಸರು ನಮ್ಮಲ್ಲಿಲ್ಲ. 2020ರಲ್ಲಿ ಈಶಾನ್ಯದವರನ್ನು ದೇಶದ ಹಲವು ನಗರಗಳಲ್ಲಿ ‘ಕೊರೊನಾ’ ಎಂದು ಕರೆದು ಅವಮಾನಿಸಿದಾಗ, ಕೇಂದ್ರ ಗೃಹ ಸಚಿವಾಲಯವು ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಸೂಚಿಸಬೇಕಾಯಿತು. ಕುಶಾಲನಗರದ ಕಡೆ ಇಂಥ ಮುಖದವರನ್ನೆಲ್ಲ ‘ಲಾಮಾ’ ಎನ್ನುವ ರೂಢಿಯಿದೆ. 1961ರಲ್ಲಿ ಬೈಲಕುಪ್ಪೆಯಲ್ಲಿ ನೆಲೆ ಕಂಡ ಟಿಬೆಟಿಯನ್ನರ ಮನೆಗಳಲ್ಲಿ ಹುಟ್ಟಿ ಬೆಳೆದ ಹೆಣ್ಣುಮಕ್ಕಳೂ ಹಾಗೆಯೇ ಕರೆಸಿಕೊಳ್ಳುತ್ತಾರೆ. ಇದರ ಹಿಂದೆ ದ್ವೇಷವಿಲ್ಲದಿರಬಹುದು, ಆದರೆ ಎದುರಿಗಿರುವವರು ಯಾರೆಂದು ಕೇಳುವ ಸೌಜನ್ಯವೂ ಇಲ್ಲ. ತೋಟಗಳಲ್ಲಿಯೂ ಇದೇ ಕಥೆ. ಜಾರ್ಖಂಡಿನವರು, ಬಂಗಾಳದವರು ಎಲ್ಲರೂ ಚೆಕ್‌ರೋಲಿನಲ್ಲಿ (ಕಾರ್ಮಿಕರ ಹಾಜರಿ ಪುಸ್ತಕದಲ್ಲಿ) ‘ಅಸ್ಸಾಮಿ’ಗಳೇ ಆಗಿರುವುದನ್ನು ನಾನು ಕಂಡಿದ್ದೇನೆ.

ಬದಲಿ ಪದಗಳು ಇಲ್ಲವೆಂದಲ್ಲ. ‘ವರ್ಣಭೇದ’ ದಕ್ಷಿಣ ಆಫ್ರಿಕಾದ ಸಂದರ್ಭದಲ್ಲಿ ನೆಲೆಯೂರಿದ ಪದ. ಮೈಬಣ್ಣದ ಮಟ್ಟಿಗೆ ಅದು ಸರಿಹೊಂದುತ್ತದೆ, ಆದರೆ ಮಣಿಪುರದ ವಿದ್ಯಾರ್ಥಿನಿಗೆ ಆದ ಅವಮಾನವನ್ನು ಹಾಗೆನ್ನಲಾಗದು, ಮೇಲಾಗಿ ‘ವರ್ಣ’ ಎಂದೊಡನೆ ನಮ್ಮವರ ಮನಸ್ಸು ಚಾತುರ್ವರ್ಣ್ಯದ ಕಡೆಗೆ ಹೊರಳುತ್ತದೆ. ಇಂಗ್ಲಿಷಿನ ‘ರೇಸ್’ಗೆ ಕಾನೂನಿನ ಕನ್ನಡದಲ್ಲಿರುವ ‘ಮೂಲವಂಶ’ ಖಚಿತವಾದ ಪದವಾದರೂ ಬಾಯಿಗೆ ಬರುವುದಿಲ್ಲ. ಸಂವಿಧಾನದ 15ನೆಯ ಅನುಚ್ಛೇದವು ಮೂಲವಂಶ, ಜಾತಿ, ಜನ್ಮಸ್ಥಳಗಳನ್ನು ಬೇರೆಬೇರೆಯಾಗಿಯೇ ಹೆಸರಿಸುತ್ತದೆ. ಜನಾಂಗೀಯ ತಾರತಮ್ಯದ ವಿರುದ್ಧ ವಿಶ್ವಸಂಸ್ಥೆ ನಡೆಸಿದ 2001ರ ಡರ್ಬನ್ ಸಮ್ಮೇಳನದಲ್ಲಿ ಭಾರತ ಸರ್ಕಾರವು ಜಾತಿಯನ್ನು ಆ ತಾರತಮ್ಯದೊಳಗೆ ಸೇರಿಸಬಾರದೆಂದು ವಾದಿಸಿತು, ದಲಿತ ಸಂಘಟನೆಗಳು ಸೇರಿಸಲೇಬೇಕೆಂದವು. ಆ ವಾದದಲ್ಲಿ ನನ್ನ ಒಲವು ದಲಿತ ಸಂಘಟನೆಗಳ ಕಡೆಗಿದೆ. ಎರಡೂ ಅನ್ಯಾಯಗಳ ಬೇರು ಒಂದೇ ಆಗಿದ್ದರೂ ಅವುಗಳನ್ನು ಗುರುತಿಸಲು ಎರಡು ಹೆಸರುಗಳು ಬೇಕು ಎಂಬುದಷ್ಟೇ ನನ್ನ ಅಭಿಪ್ರಾಯ.

ಇದರ ಜೊತೆಗೇ ಬರುವ ಇನ್ನೊಂದು ಪದ ‘ಪೊಲಿಟಿಕಲ್ ಕರೆಕ್ಟ್‌ನೆಸ್’. ಇದನ್ನು ಕೆಲವರು ‘ರಾಜಕೀಯ ಸರಿತನ’ ಎಂದು ಬರೆಯುತ್ತಾರೆ. ಹಾಗೆಂದೊಡನೆ ಕೇಳುವವರಿಗೆ ಪಕ್ಷ, ಚುನಾವಣೆಗಳು ನೆನಪಾಗುತ್ತವೆ, ಮತ್ತು ಎದುರಿನವರ ಮರ್ಯಾದೆ ಕಾಯುವ ಮಾತು ಯಾರನ್ನೋ ಓಲೈಸುವ ನಾಟಕದಂತೆ ತೋರುತ್ತದೆ. ‘ನುಡಿಮರ್ಯಾದೆ’ ಎಂದರೆ ಸಾಲದೇ? ನಮ್ಮ ಜಿಲ್ಲೆಯಲ್ಲಿ ಇದರ ಅಗತ್ಯ ಹೊಸದೇನಲ್ಲ. ಇಲ್ಲಿಯ ಆದಿವಾಸಿಗಳಾದ ಎರವರು ತಮ್ಮನ್ನು ‘ರಾವುಳ’ರೆಂದು ಕರೆದುಕೊಳ್ಳುತ್ತಾರೆ, ಆದರೂ ‘ಎರವ’ ಎಂಬುದನ್ನು ‘ಎರವಲು’ ಎಂಬ ಪದಕ್ಕೆ ಜೋಡಿಸಿ ಅರ್ಥ ಹೇಳುವವರಿದ್ದಾರೆ. ತಲೆಮಾರುಗಳ ಕಾಲ ಗದ್ದೆಯ ಜೊತೆಗೆ ಜೀತಕ್ಕೆ ಸಿಕ್ಕವರಿಗೆ ಆ ವ್ಯುತ್ಪತ್ತಿ ಹೇಗೆ ಕೇಳಿಸೀತು ಎಂದು ಅದನ್ನು ಹೇಳುವವರು ಯೋಚಿಸಬೇಕು. ಹಾಡಿಯ (ಆದಿವಾಸಿಗಳ ಕೇರಿಯ) ಜನರ ಎದುರಿಗೇ ಅವರ ಕೂದಲು, ಮೈಬಣ್ಣಗಳ ಬಗ್ಗೆ ಆಡುವ ಮಾತುಗಳನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಅವು ಜಾತಿ ನಿಂದನೆಯೂ ಹೌದು, ಮೈಚಹರೆಯ ನಿಂದನೆಯೂ ಹೌದು.

ಈ ಕೊನೆಯ ಮಾತನ್ನು, ಅಂದರೆ ‘ಚಹರೆ ನಿಂದನೆ’ ಎಂಬುದನ್ನು, ನಾನು ಪರ್ಯಾಯವಾಗಿ ಸೂಚಿಸುತ್ತೇನೆ. ಗುರುತಿಗಾಗಿ ಮುಖಲಕ್ಷಣ ಬರೆಯುವ ಕಡೆ ‘ಚಹರೆ’ ಈಗಾಗಲೇ ರೂಢಿಯಲ್ಲಿದೆ, ಜನರಿಗೆ ಪರಿಚಿತವೂ ಹೌದು. ಇದರಲ್ಲಿ ಕುಲಮೂಲದ ಸೂಚನೆ ಉಳಿಯುವುದಿಲ್ಲ ಎಂಬ ಆಕ್ಷೇಪ ಬರಬಹುದು. ಆಫ್ರಿಕಾ ಮೂಲದ ಸಿದ್ದಿ ಸಮುದಾಯದವರಿರುವ ಯಲ್ಲಾಪುರ, ಹಳಿಯಾಳದ ಕಡೆ ಇಂಥ ನಿಂದನೆಗೆ ಯಾವ ಪದ ಬಳಕೆಯಲ್ಲಿದೆ, ಅವರೇ ಅದನ್ನು ಏನೆಂದು ಕರೆಯುತ್ತಾರೆ ಎಂದು ಬಲ್ಲವರು ಉದಾಹರಣೆ ಸಹಿತ ತಿಳಿಸಬೇಕೆಂದು ಕೋರುತ್ತೇನೆ.