ಜಾಯ್ಸ್ ಕಾದಂಬರಿ ಓದುವಾಗ ಅವರ ಜೀವನ ಎಷ್ಟು ಬೇಕು?

ಸಪ್ತಾಪುರ ಖಾನಾವಳಿ:
ಧಾರವಾಡದಲ್ಲಿ ಖಾನಾವಳಿ ನಡೆಸುತ್ತೇನೆ. ರಾತ್ರಿ ಊಟದ ಗದ್ದಲ ಮುಗಿದ ಮೇಲೆ ಮೊಬೈಲ್‌ನಲ್ಲಿ ಒಂದು ಆನ್‌ಲೈನ್ ಕೋರ್ಸ್ ಕೇಳುತ್ತಿದ್ದೇನೆ. ಐರ್ಲೆಂಡಿನ ಲೇಖಕ ಜೇಮ್ಸ್ ಜಾಯ್ಸ್ ಅವರ ‘ಎ ಪೋರ್ಟ್ರೇಟ್ ಆಫ್ ದಿ ಆರ್ಟಿಸ್ಟ್ ಆ್ಯಸ್ ಎ ಯಂಗ್ ಮ್ಯಾನ್’, 1916ರ ಕಾದಂಬರಿ. ಐದು ಅಧ್ಯಾಯ, ವಾರಕ್ಕೊಂದು.

ಕ್ರಿಸ್‌ಮಸ್ ಊಟದ ಭಾಗ ನನ್ನನ್ನು ಹಿಡಿದುಬಿಟ್ಟಿದೆ. ಕಥಾನಾಯಕ, ಪುಟ್ಟ ಸ್ಟೀಫನ್ ಮೊದಲ ಸಲ ದೊಡ್ಡವರ ಜೊತೆ ಊಟಕ್ಕೆ ಕೂತಿದ್ದಾನೆ. ರಾಜಕೀಯ ನಾಯಕ ಪಾರ್ನೆಲ್ ಹೆಸರೆತ್ತಿ ಜಗಳ ಶುರುವಾಗುತ್ತದೆ. ಕೊನೆಗೆ ಅಪ್ಪನ ಕಣ್ಣಲ್ಲಿ ನೀರು. ಚುನಾವಣೆ ಹೊತ್ತಿನಲ್ಲಿ ನನ್ನಲ್ಲಿ ಉಣ್ಣುವ ಹುಡುಗರೂ ಅರ್ಧ ರೊಟ್ಟಿ ಬಿಟ್ಟು ಎದ್ದದ್ದುಂಟು.

ಆದರೆ ಪಾಠ ಮಾಡುವವರು ಮಾತುಮಾತಿಗೂ ಜಾಯ್ಸ್ ಜೀವನ ತರುತ್ತಾರೆ. ಸ್ಟೀಫನ್ ಓದುವ ಕ್ಲಾಂಗೋಸ್ ಶಾಲೆ, ಬೆಲ್ವೆಡಿಯರ್ ಶಾಲೆ, ಡಬ್ಲಿನ್‌ನ ಕಾಲೇಜು, ಎಲ್ಲಾ ಜಾಯ್ಸ್ ಓದಿದ್ದೇ ಅಂತೆ. ಹಾಗಾದರೆ ಸ್ಟೀಫನ್ ಅಂತ ಬೇರೆ ಹೆಸರು ಯಾಕೆ? ಸುಮ್ನೆ ಕಥೆಯಾಗಿ ಓದಿದರೆ ಏನಾದರೂ ಕಳೆದುಕೊಳ್ಳುತ್ತೇನಾ? ಮೂರನೇ ಅಧ್ಯಾಯದಲ್ಲಿ ಪಾದ್ರಿ ಮಾಡುವ ನರಕದ ಉಪದೇಶವಂತೂ ಮುಗಿಯೋದೇ ಇಲ್ಲ. ಹಾರಿಸಬಹುದಾ?

ಹುಬ್ಬಳ್ಳಿ ಮೇಷ್ಟ್ರು:
ಅಕ್ಕಾರೇ, ಜೀವನ ಗೊತ್ತಿದ್ದರೆ ಒಂದು ಲಾಭ ಇದೆ. ಜಾಯ್ಸ್ ಏನು ಬಿಟ್ಟರು ಅಂತ ಕಾಣುತ್ತದೆ. ಅವರಿಗೆ ತೀರಾ ಹತ್ತಿರವಾಗಿದ್ದವರು ತಮ್ಮ ಸ್ಟಾನಿಸ್ಲಾಸ್. ಈ ಕಾದಂಬರಿಯ ‘ಸ್ಟೀಫನ್ ಹೀರೋ’ ಅನ್ನುವ ಹಳೆಯ ಕರಡಿನಲ್ಲಿ ಆ ತಮ್ಮ ಮಾರಿಸ್ ಅನ್ನುವ ಹೆಸರಲ್ಲಿದ್ದಾನೆ. ಸ್ಟೀಫನ್ ಅವನ ಜೊತೆ ಮನಸ್ಸು ಬಿಚ್ಚಿ ಮಾತಾಡುತ್ತಾನೆ. ಅಚ್ಚಾದ ಕಾದಂಬರಿಯಲ್ಲಿ ಮಾರಿಸ್ ಹೆಸರಿಗಷ್ಟೇ ಉಳಿದ. ಮಾತಾಡಲು ತಮ್ಮನಿದ್ದರೆ ಸ್ಟೀಫನ್ ಅಷ್ಟು ಒಂಟಿಯಾಗಿ ಕಾಣುತ್ತಿರಲಿಲ್ಲ ಅಲ್ವಾ? ಇನ್ನು ಹೆಸರಿನ ಮಾತು. 1904ರಲ್ಲಿ ಮೊದಲ ಕಥೆ ಅಚ್ಚಾದಾಗ ಜಾಯ್ಸ್ ಸ್ಟೀಫನ್ ಡೀಡಲಸ್ ಅಂತಲೇ ಹಾಕಿಕೊಂಡಿದ್ದರು. ತಮ್ಮದೇ ಗುಪ್ತನಾಮವನ್ನು ನಾಯಕನಿಗೆ ಕೊಟ್ಟರು.

ಗದಗಿನ ಓದುಗ:
ಉಪದೇಶ ಹಾರಿಸಬೇಡಿ, ಜೋರಾಗಿ ಓದಿ. ನರಕಕ್ಕೆ ಕೊನೆಯಿಲ್ಲ ಅನ್ನೋಕೆ ಕೊಡುವ ಹೋಲಿಕೆ ನೋಡಿ: ಆಕಾಶ ಮುಟ್ಟುವ ಮರಳಿನ ಬೆಟ್ಟ, ಹತ್ತು ಲಕ್ಷ ವರ್ಷಕ್ಕೊಮ್ಮೆ ಬಂದು ಒಂದೇ ಕಾಳು ಮರಳು ಒಯ್ಯುವ ಹಕ್ಕಿ. ಸ್ಟೀಫನ್ ಎದ್ದು ಹೋಗುವ ಹಾಗಿಲ್ಲ. ನಮಗೂ ಸುಸ್ತಾಗಬೇಕು. ಆಗಲೇ ಅವನು ಪಾಪ ಒಪ್ಪಿಕೊಳ್ಳಲು ಹೋದಾಗಿನ ನಡುಕ ನಮಗೆ ತಟ್ಟುತ್ತದೆ.

ಪಾರ್ನೆಲ್ ಬಗ್ಗೆ ಮಾತ್ರ ಸ್ವಲ್ಪ ಓದಿಕೊಳ್ಳಿ. ಐರ್ಲೆಂಡಿಗೆ ಸ್ವಯಮಾಡಳಿತ ಕೇಳಿದ ನಾಯಕ. 1890ರಲ್ಲಿ ಒಂದು ವಿಚ್ಛೇದನದ ಕೇಸಿನಲ್ಲಿ ಹೆಸರು ಬಂತು. ಬಿಷಪ್ಪರು ತಿರುಗಿಬಿದ್ದರು, ಪಕ್ಷ ಒಡೆಯಿತು. 1891ರ ಅಕ್ಟೋಬರಿನಲ್ಲಿ ತೀರಿಕೊಂಡರು. ಊಟದ ಜಗಳ ಆ ಗಾಯ ಹಸಿಯಾಗಿದ್ದಾಗಿನದು.

ಸಪ್ತಾಪುರ ಖಾನಾವಳಿ:
ಇಬ್ಬರಿಗೂ ಶರಣು. ತಮ್ಮನ ಸಂಗತಿ ಕೇಳಿ ಹೊಟ್ಟೆ ಚುರ್ ಅಂತು. ಅದೇ ಕಾರಣಕ್ಕೆ ಎರಡನೇ ಅಧ್ಯಾಯ ಮತ್ತೆ ಓದುತ್ತೇನೆ, ಮಾರಿಸ್ ಎಲ್ಲಿದ್ದಾನೆ ಹುಡುಕಬೇಕು.

ಹುಬ್ಬಳ್ಳಿ ಮೇಷ್ಟ್ರು:
ಹುಡುಕಿ. ಐದನೇ ಅಧ್ಯಾಯದ ಕೊನೆಯನ್ನೂ ನಿಧಾನಕ್ಕೆ ಓದಿ. ಪುಸ್ತಕವಿಡೀ ‘ಅವನು’ ಆಗಿದ್ದ ಸ್ಟೀಫನ್ ಅಲ್ಲಿ ಡೈರಿ ಬರೆಯುತ್ತಾ ‘ನಾನು’ ಆಗುತ್ತಾನೆ. ಆ ‘ನಾನು’ ಜಾಯ್ಸ್ ಹೌದಾ ಅಲ್ವಾ, ಓದಿ ಇಲ್ಲೇ ಹೇಳಿ. ನನಗೆ ಅಲ್ಲ ಅನಿಸುತ್ತದೆ.