ಸಹಾಯ ಬೇಕು: ಹಳೇ ಕಟ್ಟಡದ ತಾರಸಿಗೆ ಶೀಟ್ ಹಾಕ್ಸುದಾ, ಕಿತ್ತು ಹೊಸತು ಮಾಡ್ಸುದಾ?

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ಮಲ್ಪೆ ಕಡೆ ಹೋಗುವ ರೋಡಲ್ಲಿ ನಮ್ದೊಂದು ಕಮರ್ಷಿಯಲ್ ಬಿಲ್ಡಿಂಗ್ ಉಂಟು, 1980ರ ದಶಕದಲ್ಲಿ ಅಪ್ಪ ಕಟ್ಸಿದ್ದು, ಮೇಲೆ ಫ್ಲ್ಯಾಟ್ ಆರ್‌ಸಿಸಿ ತಾರಸಿ. ಜೂನ್ ಬಂತಂದ್ರೆ ಸೋರ್ತದೆ, ಈ ಸಲ ಟೈಲರ್ ಅಂಗಡಿಯ ಹೊಲಿಗೆ ಮಿಷನ್ ಪಕ್ಕದಲ್ಲೇ ಕಾಂಕ್ರೀಟ್ ಹೋಳು ಬಿತ್ತು, ಕಂಬಿ ಹೊರಗೆ ಕಾಣ್ತದೆ, ಉಜ್ಜಿದ್ರೆ ತುಕ್ಕು ಪದರ ಪದರವಾಗಿ ಕೈಗೆ ಬರ್ತದೆ.

ಎಲ್ಲರೂ ಹೇಳುದು ಫ್ರೇಮ್ ಕೊಟ್ಟು ಶೀಟ್ ಹಾಕ್ಸಿಬಿಡಿ ಅಂತ. ಮಳೆ ನೀರು ಸೋರುದು ನಿಲ್ತದೆ ಸರಿ, ಆದ್ರೆ ಕಂಬಿ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನೇ ಒಡೀತಾ ಉಂಟಲ್ಲ, ಉಪ್ಪು ಗಾಳಿ ಬೇರೆ, ಅದು ಶೀಟ್ ಅಡಿಯಲ್ಲೂ ಮುಂದುವರೀತದಲ್ವಾ? ನೀರು ಇಳೀಬಾರ್ದು ಅಂತ ತಾರಸಿ ಮೇಲೆ ಹಿಂದೆ ಹಾಕ್ಸಿದ ಇಟ್ಟಿಗೆ ಚೂರಿನ ಪದರದ ಮೇಲೆಯೇ ಮತ್ತೊಂದು ವಾಟರ್‌ಪ್ರೂಫಿಂಗ್ ಹಾಕಿದ್ರೆ ಭಾರವೂ ಜಾಸ್ತಿ, ಒಳಗಿನ ನೀರು ಅಲ್ಲೇ ಉಳೀತದೆ, ಅದಂತೂ ನಂಗೆ ಬೇಡ. ಸ್ಲ್ಯಾಬೇ ಒಡೆದು ಹಾಕ್ಸುದಾದ್ರೆ ಬಾಡಿಗೆಯವರನ್ನೆಲ್ಲ ಎಬ್ಬಿಸ್ಬೇಕು, ಪಾಪ ಅವರ ಹೊಟ್ಟೆಪಾಡು.

ಸ್ಲ್ಯಾಬ್ ಟೆಸ್ಟ್ ಮಾಡಿ ಸರಿಯಾಗಿ ಹೇಳುವ ಸ್ಟ್ರಕ್ಚರಲ್ ಇಂಜಿನಿಯರ್ ಉಡುಪಿ, ಮಂಗಳೂರಲ್ಲಿ ಯಾರಾದ್ರೂ ಗೊತ್ತುಂಟಾ? ಕಂಬಿ ರಿಪೇರಿ ಮಾಡಿ ಆಮೇಲೆ ಶೀಟ್ ಹಾಕ್ಸಿದವರು ಇದ್ರೆ ಖರ್ಚು ಎಷ್ಟಾಯ್ತು, ಈಗ ಹೇಗುಂಟು, ಶೀಟಿಗೆ ನಗರಸಭೆ ಪರ್ಮಿಶನ್ ತಗೊಂಡ್ರಾ ಅಂತ ದಯವಿಟ್ಟು ಹೇಳಿ ಮಾರ್ರೆ.