ಎಚ್‌ಐಎಫ್-1 ಆಲ್ಫಾ ಬ್ಯಾಂಡ್ ಕಾಣುತ್ತಿಲ್ಲ: ಪ್ರತಿಕಾಯವನ್ನು ಬದಲಾಯಿಸಬೇಕೇ?

ಪ್ರಶ್ನೆ:
ಹೀಲಾ ಜೀವಕೋಶಗಳನ್ನು (ಪ್ರಯೋಗಾಲಯದಲ್ಲಿ ಬೆಳೆಸುವ ಮಾನವ ಕ್ಯಾನ್ಸರ್ ಕೋಶಗಳು) ಶೇ. 1ರಷ್ಟು ಆಮ್ಲಜನಕದಲ್ಲಿ 6 ಗಂಟೆ ಇರಿಸಿ, ಎಚ್‌ಐಎಫ್-1 ಆಲ್ಫಾ ಎಂಬ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರನ್ನು (ಆಮ್ಲಜನಕ ಕಡಿಮೆಯಾದಾಗ ಜೀನ್‌ಗಳನ್ನು ಚಾಲೂ ಮಾಡುವ ಪ್ರೋಟೀನ್) ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಪ್ರತಿಕಾಯದಿಂದ ಪತ್ತೆಹಚ್ಚುವ ವಿಧಾನ) ಗುರುತಿಸಲು ಪ್ರಯತ್ನಿಸುತ್ತಿದ್ದೇನೆ. ಮೊಲದ ರಿಕಾಂಬಿನೆಂಟ್ ಮಾನೋಕ್ಲೋನಲ್ ಪ್ರತಿಕಾಯವನ್ನು 1:1000 ಪ್ರಮಾಣದಲ್ಲಿ ಬಳಸಿದ್ದೇನೆ. ಹೋಲಿಕೆಗೆ ನೋಡುವ ಲ್ಯಾಮಿನ್ ಬಿ1 ಪ್ರೋಟೀನ್ ಸ್ಪಷ್ಟವಾಗಿ ಬರುತ್ತಿದೆ, ಆದರೆ ಮೂರು ಬಾರಿಯೂ ಎಚ್‌ಐಎಫ್ ಬ್ಯಾಂಡ್ ಬಂದಿಲ್ಲ. ಜೀವಕೋಶಗಳನ್ನು ಟ್ರಿಪ್ಸಿನ್‌ನಿಂದ ಬಿಡಿಸಿ, ಸೆಂಟ್ರಿಫ್ಯೂಜ್ ಮಾಡಿದ ನಂತರ ಲೈಸಿಸ್ ಬಫರ್ ಹಾಕುತ್ತೇನೆ. ಪ್ರೋಟೀನಿನ ಹಲವು ಭಾಗಗಳನ್ನು ಗುರುತಿಸುವ ಪಾಲಿಕ್ಲೋನಲ್ ಪ್ರತಿಕಾಯಕ್ಕೆ ಹೋಗುವುದು ಒಳ್ಳೆಯದೇ?

ಉತ್ತರ:
ದಯವಿಟ್ಟು ಈಗಲೇ ಬದಲಾಯಿಸಬೇಡಿ. ನನ್ನ ಅನುಮಾನವೆಲ್ಲ ಆ ಟ್ರಿಪ್ಸಿನ್ ಹಂತದ ಮೇಲೆಯೇ ಇದೆ. ಆಮ್ಲಜನಕ ಮರಳಿ ಸಿಕ್ಕ ಕೂಡಲೇ ಪ್ರೋಲಿಲ್ ಹೈಡ್ರಾಕ್ಸಿಲೇಸ್ ಕಿಣ್ವಗಳು ಈ ಪ್ರೋಟೀನಿನ 402 ಮತ್ತು 564ನೆಯ ಪ್ರೋಲಿನ್‌ಗಳನ್ನು ಬದಲಿಸುತ್ತವೆ, ವಿಎಚ್‌ಎಲ್ ಎಂಬ ಪ್ರೋಟೀನ್ ಅದನ್ನು ಹಿಡಿದು ಯುಬಿಕ್ವಿಟಿನ್ ಎಂಬ ನಾಶದ ಗುರುತು ಹಾಕಿಸುತ್ತದೆ, ಜೀವಕೋಶದ ಪ್ರೋಟೀನ್ ಒಡೆಯುವ ಯಂತ್ರವಾದ ಪ್ರೋಟಿಯಸೋಮ್ ಅದನ್ನು ಒಡೆದುಹಾಕುತ್ತದೆ. ಅರ್ಧದಷ್ಟು ಪ್ರೋಟೀನ್ ನಾಶವಾಗಲು ಸುಮಾರು 5 ನಿಮಿಷ ಸಾಕು. ಹೀಗಾಗಿ ನೀವು ಸೆಂಟ್ರಿಫ್ಯೂಜ್ ಮುಗಿಸುವ ಹೊತ್ತಿಗೆ ಹಿಡಿಯಲು ಉಳಿದಿರುವುದು ಬಹಳ ಕಡಿಮೆ.

ತಟ್ಟೆಯನ್ನು ಹೊರತೆಗೆದ ಕ್ಷಣವೇ ಮಂಜುಗಡ್ಡೆಯ ಮೇಲಿಟ್ಟು, ತಣ್ಣನೆಯ ಪಿಬಿಎಸ್‌ನಿಂದ (ಉಪ್ಪಿನ ಬಫರ್ ದ್ರಾವಣ) ಒಮ್ಮೆ ಮಾತ್ರ ತೊಳೆದು, ಬಿಸಿ ಎಸ್‌ಡಿಎಸ್ (ಒಂದು ಡಿಟರ್ಜೆಂಟ್) ಸ್ಯಾಂಪಲ್ ಬಫರನ್ನು ನೇರವಾಗಿ ತಟ್ಟೆಗೇ ಹಾಕಿ ಕೆರೆದುಕೊಳ್ಳಿ. ಡಿಎನ್‌ಎಯಿಂದಾಗಿ ದ್ರಾವಣ ಲೋಳೆಯಾಗುತ್ತದೆ, ಸೋನಿಕೇಟ್ ಮಾಡಿದರೆ (ಶಬ್ದತರಂಗದಿಂದ ಡಿಎನ್‌ಎ ಒಡೆದರೆ) ಸರಿಹೋಗುತ್ತದೆ. ಜೊತೆಗೆ ಇನ್ನೊಂದು ತಟ್ಟೆಗೆ 200 ಮೈಕ್ರೋಮೋಲಾರ್ ಕೋಬಾಲ್ಟ್ ಕ್ಲೋರೈಡ್ ಹಾಕಿ 4 ಗಂಟೆ ಇಡಿ. ಅದು ಆ ಕಿಣ್ವಗಳನ್ನೇ ತಡೆಯುವುದರಿಂದ, ಅಲ್ಲಿ ಮಾತ್ರ ಬ್ಯಾಂಡ್ ಬಂದರೆ ತಪ್ಪು ನಿಮ್ಮ ಪ್ರತಿಕಾಯದ್ದಲ್ಲ. ಲೆಕ್ಕದ ಪ್ರಕಾರ ತೂಕ 93 ಕಿಲೋಡಾಲ್ಟನ್ ಆದರೂ ಬ್ಯಾಂಡ್ ಬರುವುದು 110ರಿಂದ 120ರ ಸುಮಾರಿಗೆ. ಪೊರೆಯನ್ನು 100ರ ಬಳಿ ಕತ್ತರಿಸುವವರು ಇದನ್ನು ಗಮನಿಸಬೇಕು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಕೋಬಾಲ್ಟ್ ತಟ್ಟೆಯಲ್ಲಿ 120ರ ಬಳಿ ಗಾಢವಾಗಿ, ಕಡಿಮೆ ಆಮ್ಲಜನಕದ ತಟ್ಟೆಯಲ್ಲಿ ತುಸು ಮಸುಕಾಗಿ ಬ್ಯಾಂಡ್ ಬಂದಿದೆ. ಆದರೆ 70ರ ಬಳಿ ಮತ್ತೊಂದು ಬ್ಯಾಂಡ್ ಎಲ್ಲ ಸಾಲುಗಳಲ್ಲೂ ಇದೆ. ರಿಕಾಂಬಿನೆಂಟ್ ಆಗಿದ್ದರೂ ಹೀಗಾಗುವುದುಂಟೇ?

ಉತ್ತರ:
ಖಂಡಿತ ಉಂಟು. ಪ್ರತಿಕಾಯದ ಅನುಕ್ರಮ ತಿಳಿದಿದ್ದು, ಅದೇ ಜೀನಿನಿಂದ ಪ್ರತಿ ಬಾರಿ ತಯಾರಾಗುವುದರಿಂದ ಒಂದು ಬ್ಯಾಚಿಗೂ ಇನ್ನೊಂದಕ್ಕೂ ವ್ಯತ್ಯಾಸ ತೀರಾ ಕಡಿಮೆ. ಆದರೆ ಅದು ಬೇರೆ ಪ್ರೋಟೀನಿಗೆ ಅಂಟುವುದಿಲ್ಲ ಎಂಬ ಭರವಸೆ ಇದರಿಂದ ಸಿಗುವುದಿಲ್ಲ. ಎರಡು ಬೇರೆ ಬೇರೆ ಎಸ್‌ಐಆರ್‌ಎನ್‌ಎಗಳಿಂದ (ಆಯ್ದ ಜೀನನ್ನು ಅಡಗಿಸುವ ಚಿಕ್ಕ ಆರ್‌ಎನ್‌ಎ) ಎಚ್‌ಐಎಫ್-1 ಆಲ್ಫಾ ಜೀನನ್ನು ತಗ್ಗಿಸಿ ನೋಡಿ: 120ರದ್ದು ಕುಗ್ಗಿ 70ರದ್ದು ಹಾಗೇ ಉಳಿದರೆ ಅದು ಬೇರೆ ಪ್ರೋಟೀನ್, ಎರಡೂ ಕುಗ್ಗಿದರೆ ಒಡೆದ ತುಣುಕಿರಬಹುದು. ಸೆಕೆಂಡರಿ ಪ್ರತಿಕಾಯ ಮಾತ್ರ ಹಾಕಿದ ಒಂದು ಪಟ್ಟಿಯೂ ಇರಲಿ. 786-ಒ ಎಂಬ ಮೂತ್ರಪಿಂಡದ ಕ್ಯಾನ್ಸರ್ ಜೀವಕೋಶಗಳಲ್ಲಿ ಎಚ್‌ಐಎಫ್-1 ಆಲ್ಫಾ ಇರುವುದಿಲ್ಲ. ವಿಎಚ್‌ಎಲ್ ಕಳೆದುಕೊಂಡ ಆರ್‌ಸಿಸಿ4 ಎಂಬ ಅದೇ ಬಗೆಯ ಜೀವಕೋಶಗಳಲ್ಲಿ ಸಾಮಾನ್ಯ ಆಮ್ಲಜನಕದಲ್ಲೂ ಇರುತ್ತದೆ. ಇವೆರಡನ್ನೂ ಒಂದೇ ಜೆಲ್‌ನಲ್ಲಿ ಓಡಿಸಿದರೆ ಯಾವುದು ನಿಜವಾದ ಬ್ಯಾಂಡ್ ಎಂದು ಕಣ್ಣಿಗೇ ಕಾಣುತ್ತದೆ.

ಮುಂದೆ ಚಿಪ್ ಪ್ರಯೋಗಕ್ಕೂ (ಪ್ರೋಟೀನ್ ಡಿಎನ್‌ಎಯ ಯಾವ ಭಾಗಕ್ಕೆ ಅಂಟಿದೆ ಎಂದು ನೋಡುವ ವಿಧಾನ) ಇದೇ ಪ್ರತಿಕಾಯವನ್ನು ಬಳಸುವುದಾದರೆ ಬ್ಲಾಟ್‌ನ ಫಲಿತಾಂಶವನ್ನೇ ನಂಬಬೇಡಿ. ಮಾನೋಕ್ಲೋನಲ್ ಗುರುತಿಸುವುದು ಒಂದೇ ಎಪಿಟೋಪನ್ನು, ಅಂದರೆ ಪ್ರೋಟೀನಿನ ಒಂದೇ ಚಿಕ್ಕ ಭಾಗವನ್ನು. ಫಾರ್ಮಾಲ್ಡಿಹೈಡ್ ಬಂಧಗಳು ಅದನ್ನು ಮುಚ್ಚಿಬಿಟ್ಟರೆ ಪ್ರತಿಕಾಯಕ್ಕೆ ಹಿಡಿಯಲು ಜಾಗವೇ ಇರುವುದಿಲ್ಲ. ಮೊದಲು ಎಚ್‌ಐಎಫ್ ಅಂಟುವ ವಿಇಜಿಎಫ್‌ಎ ಜೀನಿನ ಹೈಪಾಕ್ಸಿಯಾ (ಆಮ್ಲಜನಕದ ಕೊರತೆ) ಪ್ರತಿಕ್ರಿಯಾ ಭಾಗವನ್ನು ಕ್ಯುಪಿಸಿಆರ್‌ನಲ್ಲಿ (ಡಿಎನ್‌ಎ ಪ್ರಮಾಣ ಅಳೆಯುವ ವಿಧಾನ) ಅಳೆದು, ಸಾಮಾನ್ಯ ಮೊಲದ ಐಜಿಜಿಯೊಂದಿಗೆ (ಯಾವ ಗುರಿಯೂ ಇಲ್ಲದ ಪ್ರತಿಕಾಯ) ಹೋಲಿಸಿ ನೋಡಿ.